ಮಣಿಕಟ್ಟಿನ ನೂಲು

ಹಾಜರಿ ಪುಸ್ತಕದ ಹದಿನಾರನೆಯ ಹೆಸರು ಕೂಗಿದಾಗ ಕೆಂಪಾಜಿ ‘ಆಜರ್ ಟೀಚರ್’ ಅಂದಳು, ಆದರೆ ಕೈ ಎತ್ತಲಿಲ್ಲ. ಶನಿವಾರ ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ಹದಿನೇಳು, ಹದಿನೆಂಟು, ಹತ್ತೊಂಬತ್ತರ ತನಕ ಹಾಗೇ ಹಿಡಿದು ನಿಂತಿದ್ದಳು; ಕಿಟಕಿಯ ಬಿಸಿಲು ಅವಳ ಮಣಿಕಟ್ಟಿನ ನೇರಳೆ ನೂಲಿನ ಮೇಲೆ ಬಿದ್ದು, ಅದು ಒಮ್ಮೆ ಕಪ್ಪಾಗಿ ಒಮ್ಮೆ ಕೆಂಪಾಗಿ ಹೊಳೆಯುವುದನ್ನು ಇಡೀ ಮೂರನೆಯ ತರಗತಿ ಬಾಯಿಬಿಟ್ಟುಕೊಂಡು ನೋಡಿತ್ತು. ಇವತ್ತು ಎಡಗೈ ಬೆನ್ನ ಹಿಂದೆ. ಟೀಚರ್ ಚೌಡೇಶ್ವರಿ ಪೆನ್ನನ್ನು ಪುಸ್ತಕದಿಂದ ಒಂದು ಅಂಗುಲ ಮೇಲೆ ಹಿಡಿದುಕೊಂಡೇ “ಕೈ ಎಲ್ಲಮ್ಮಾ?” ಅಂದಳು, ನಗುವಂತೆ. ಜೂನ್ ತಿಂಗಳಿಂದ ಅದೊಂದು ಆಟವಾಗಿತ್ತು. ವಾರವಿಡೀ ತಪ್ಪದೆ ಬಂದವರಿಗೆ ಅರಿಶಿನ ಬಣ್ಣದ ನೂಲು, ಮಗ್ಗಿ ಒಪ್ಪಿಸಿದವರಿಗೆ ಗಿಣಿಹಸಿರು, ಒಂದು ಪುಟವನ್ನು ಯಾರ ಸಹಾಯವೂ ಇಲ್ಲದೆ ಗಟ್ಟಿಯಾಗಿ ಓದಿದವರಿಗೆ ನೇರಳೆ. ಹೆಸರು ಕೂಗಿದಾಗ ಕೈಯೆತ್ತಿ ತೋರಿಸಬೇಕು. ಕೆಂಪಾಜಿ ನೆಲ ನೋಡಿದಳು. ಯಾರ ಮನೆಯ ಸುದ್ದಿಯಾದರೂ ತನ್ನ ಬಾಯಿಂದಲೇ ಮೊದಲು ಹೊರಡಬೇಕೆನ್ನುವ ಮುಂದಿನ ಸಾಲಿನ ಚೆಲುವಿ ಎದ್ದೇ ನಿಂತಳು.

“ಟೀಚರ್, ಅವಳ ನೂಲ ಮುತ್ತಯ್ಯ ಯಜಮಾನ್ರು ಕತ್ರಿ ತಕಂಡು ಕತ್ತರಿಸ್ಬುಟ್ರು. ಅವಳವ್ವನ್ನೂ ಕೆಲ್ಸದಿಂದ ಬುಡುಸ್ಬುಟ್ರು. ನೂಲ್ ಕದ್ದವ್ಳಂತೆ.”

“ನಮ್ಮವ್ವ ಕದ್ದಿಲ್ಲ ಕಣೇ,” ಅಂದಳು ಕೆಂಪಾಜಿ. ಕೂಗಿ ಅಲ್ಲ, ಮಗ್ಗಿ ಒಪ್ಪಿಸುವ ಹಾಗೆ. ಆಮೇಲೆ ಚೌಡೇಶ್ವರಿಯ ಕಡೆ ತಿರುಗಿ, “ಟೀಚರ್ ಕಟ್ಟಿದ್ದು ಅಂತ ಏಳ್ದೆ. ಟೀಚರ್ಗೆ ಈ ಬಣ್ಣದ ನೂಲು ಎಲ್ಲಿಂದ ಬಂದಾತು, ಸುಳ್ಳು ಏಳ್ತೀಯಾ ಅಂದ್ರು,” ಎಂದು ನಿಲ್ಲಿಸಿದಳು. ಮೂವತ್ತು ಜೊತೆ ಕಣ್ಣುಗಳು ಉತ್ತರಕ್ಕಾಗಿ ಮೇಜಿನ ಕಡೆ ಎದ್ದವು. ಚೌಡೇಶ್ವರಿ ‘ಕೂತ್ಕೋ’ ಅಂದು ಹದಿನೇಳನೆಯ ಹೆಸರು ಕೂಗಿದಳು.

ಆಮೇಲೆ ಬಹಳ ಹೊತ್ತು ಅವಳನ್ನು ಕೊರೆದದ್ದು ಅದೇ, ಹದಿನೇಳನೆಯ ಹೆಸರು ಕೂಗಿದ್ದು. ಎಷ್ಟು ಸಲೀಸಾಗಿ ಬಂತು ದನಿ! ಹದಿನೇಳನೆಯ ಹುಡುಗ ಕೈಯೆತ್ತಿದ. ಎರಡು ಅರಿಶಿನದ ಎಳೆ. ಹದಿನೆಂಟನೆಯವನು ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡ. ಆಮೇಲೆ ಯಾರೂ ಕೈಯೆತ್ತಲಿಲ್ಲ. ಕಳ್ಳತನದ ಮಾತು ಕಿವಿಗೆ ಬಿದ್ದದ್ದೇ ತರಗತಿಯ ಅಷ್ಟೂ ಕೈಗಳು ಲಂಗದ ಮಡಿಕೆಗೆ, ಚಡ್ಡಿಯ ಜೇಬಿಗೆ, ಹಲಗೆಯ ಕೆಳಕ್ಕೆ ಇಳಿದುಹೋದವು. ಆ ಮಣಿಕಟ್ಟುಗಳನ್ನು ಅವಳು ಒಂದೊಂದಾಗಿ ಬಲ್ಲಳು. ನೂಲು ಕಟ್ಟುವಾಗ ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವು. ನಾಡಿ ಬೆರಳಿಗೆ ತಾಕುತ್ತಿತ್ತು, ಗುಬ್ಬಚ್ಚಿಯ ಎದೆ ತಾಕಿದಂತೆ. ಮಧ್ಯಾಹ್ನದ ಉಪ್ಪಿಟ್ಟಿನ ರವೆ ಬರುವುದು ನಿಂತ ಮೇಲೆ ಮೂವತ್ತನಾಲ್ಕರಲ್ಲಿ ಹನ್ನೊಂದು ಮಕ್ಕಳು ಬರುತ್ತಿದ್ದ ತರಗತಿ ಅದು. ಉಳಿದವು ಮನೆಯಲ್ಲಿ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದವು. ಹೊಟ್ಟೆಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ, ಕಣ್ಣಿಗೆ ಕೊಡೋಣ ಅಂದುಕೊಂಡಿದ್ದಳು. ಅಜ್ಜಿಯ ಕಥೆಯಲ್ಲಿ ಕಾಡಿನ ಮುದುಕಿಯ ಅಂಗಳವನ್ನು ಏಳು ದಿನ ಗುಡಿಸಿದ ಹುಡುಗಿಗೆ ಮುದುಕಿ ಒಂದು ಎಳೆ ಕೊಡುತ್ತಾಳೆ. ಎಳೆದಷ್ಟೂ ಬೇಕಾದದ್ದು ಬರುತ್ತದೆ. ಗುಡಿಸದ ಹುಡುಗಿಗೂ ಒಂದು ಎಳೆ, ಅದರ ತುದಿಯಲ್ಲಿ ಹಾವು. ಕಥೆ ಕೇಳುವಾಗೆಲ್ಲ ತಾನು ಮೊದಲನೆಯ ಹುಡುಗಿ ಎಂದೇ ಅವಳು ನಂಬಿದ್ದಳು. ದೊಡ್ಡವಳಾದ ಮೇಲೆ ಕಾಡಿನ ಮುದುಕಿಯಾಗುವ ಆಸೆ ಬಂದಿರಬೇಕು. ಶುಕ್ರವಾರ ಕೊನೆಯ ಪಿರಿಯಡ್ಡಿನಲ್ಲಿ ನೂಲಿನ ಚೀಲ ಬಿಚ್ಚುವಾಗ ತರಗತಿ ಹೇಗೆ ಸ್ತಬ್ಧವಾಗುತ್ತಿತ್ತು! ಆ ಮೌನವನ್ನು ಅವಳು ಮನೆಗೆ ಕೊಂಡೊಯ್ದು ಊಟ ಮಾಡುವಾಗ, ತಲೆ ಬಾಚುವಾಗ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು. ಜ್ವರ ಮೈಮೇಲೆ ಹೊತ್ತುಕೊಂಡು ಒಬ್ಬಳು ಅರಿಶಿನದ ಎಳೆಗಾಗಿ ಬಂದು ಬಾಗಿಲಲ್ಲೇ ವಾಂತಿ ಮಾಡಿಕೊಂಡ ದಿನ ಕೂಡ, ಮರುಕದ ಅಡಿಯಲ್ಲಿ ಒಂದು ಸಣ್ಣ ಹೆಮ್ಮೆ ಬೆಚ್ಚಗೆ ಕೂತಿತ್ತು.

ನೂಲು ಎಲ್ಲಿಂದ ಬಂತು ಅನ್ನುವುದು ಗೊತ್ತಿಲ್ಲದ ಸಂಗತಿಯೇನಲ್ಲ. ಮುತ್ತಯ್ಯನವರ ಮನೆಯಿಂದ ರೇಷ್ಮೆ ತೂಗಿ ಬರುತ್ತದೆ, ಸೀರೆಯಾಗಿ ತೂಗಿ ಹೋಗುತ್ತದೆ. ನೇಯುವಾಗ ಕಡಿದು ಬಿದ್ದ ತುಂಡುಗಳೂ ಬಟ್ಟೆಯ ಗಂಟಿನಲ್ಲಿ ಸೀರೆಯ ಜೊತೆಗೇ ಹೋಗಬೇಕು. ಎರಡೂ ಸೇರಿ ತಕ್ಕಡಿ ಸಮ ನಿಂತರೆ ಅವಳ ಅಪ್ಪ ಹೊನ್ನಯ್ಯ ತಲೆಯೆತ್ತಿ ಬೀದಿಯಲ್ಲಿ ಬರುತ್ತಾನೆ. ನಿಂತೇ ನಿಲ್ಲುತ್ತಿತ್ತು. ಯಾಕೆಂದರೆ ಸೀರೆ ಕೊಡುವ ದಿನ ಅಜ್ಜಿ ಆ ಗಂಟನ್ನು ಸ್ನಾನದ ಹಂಡೆಯ ಹಬೆಗೆ ಹಿಡಿಯುತ್ತಿದ್ದಳು. ಹಬೆ ಕುಡಿದು ರೇಷ್ಮೆ ಸ್ವಲ್ಪ ಭಾರವಾಗುತ್ತಿತ್ತು. ಅಷ್ಟೇ ಭಾರದ ತುಂಡುಗಳು ಅಜ್ಜಿಯ ಸೊಂಟದ ಚೀಲಕ್ಕೆ ಇಳಿಯುತ್ತಿದ್ದವು. ಬೀದಿಯ ಎಲ್ಲ ಮನೆಗಳಲ್ಲೂ ನಡೆಯುವ ಕೆಲಸ. ಯಾವ ಮನೆಯಲ್ಲೂ ಅದಕ್ಕೊಂದು ಹೆಸರಿರಲಿಲ್ಲ. ಬಿಸಿನೀರು, ಒದ್ದೆ ರೇಷ್ಮೆಯ ವಾಸನೆ, ಅಜ್ಜಿಯ ಮುಖದ ಮೇಲೆ ಹನಿಗಳು: ಅವಳಿಗೆ ಅದು ಬಾಲ್ಯದ ವಾಸನೆ. ಅಜ್ಜಿ ಆ ತುಂಡುಗಳಿಂದ ಕುಚ್ಚು ಕಟ್ಟಿ ಅವಳ ಜಡೆಗೆ ಹಾಕುತ್ತಿದ್ದಳು, ಮನೆಯೊಳಗೆ ಮಾತ್ರ. ಹೊಸಿಲು ದಾಟುವಾಗ ಬಿಚ್ಚಿಡಬೇಕು. ಯಾಕೆ ಅಂತ ಅವಳು ಕೇಳಿರಲಿಲ್ಲ, ಮತ್ತು ಈಗ ಅದೇ ತುಂಡುಗಳನ್ನು ಮೂವತ್ತು ಮಕ್ಕಳ ಕೈಗೆ ಕಟ್ಟಿ ಹೊಸಿಲು ದಾಟಿಸಿಬಿಟ್ಟಿದ್ದಳು. ಅರಿಶಿನ, ಗಿಣಿಹಸಿರು ಬೀದಿಯಲ್ಲಿ ಯಾರ ಮಗ್ಗದ ಮೇಲಾದರೂ ಇರುವ ಬಣ್ಣ. ನೇರಳೆ ಹಾಗಲ್ಲ. ಮೈಸೂರಿನ ಯಾರದೋ ಮದುವೆಯ ಎರಡು ಸೀರೆಗೆಂದು ಮುತ್ತಯ್ಯನವರು ನಿಂತು ಒಂದೇ ಸಲ ಹಾಕಿಸಿದ ಬಣ್ಣ. ಅದನ್ನು ಅವರ ಮನೆಯಲ್ಲಿ ಸುತ್ತಿದವಳು ಗುರುಸಿದ್ದಮ್ಮ, ಕೆಂಪಾಜಿಯ ತಾಯಿ, ನೇಯುತ್ತಿರುವವನು ಹೊನ್ನಯ್ಯ. ಮೊದಲ ಸೀರೆ ಕೊಟ್ಟಾಗ ಹೊನ್ನಯ್ಯನ ತಕ್ಕಡಿ ಸಮ ನಿಂತಿದೆ. ಹಾಗಾದರೆ ಕದ್ದವಳು ಗುರುಸಿದ್ದಮ್ಮನೇ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ಹಲಗೆಯ ಮೇಲೆ ಬರೆದು ಮಕ್ಕಳಿಗೆ ತೋರಿಸಬಹುದಿತ್ತು.

ಬಿಡುವಿನಲ್ಲಿ ಹೆಡ್‌ಮೇಷ್ಟ್ರು ಬಸವಯ್ಯನವರ ಮೇಜಿನ ಮುಂದೆ ನಿಂತು ಹೇಳಿದಾಗ ಅವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಬಂದು ಹೋಗುವ ಮನುಷ್ಯ. ಈ ಊರಿನ ಜಗಳಗಳು ಸಂಜೆಯ ಬಸ್ಸು ಹತ್ತಿದ ಮೇಲೆ ತನ್ನವಲ್ಲ ಅನ್ನುವ ನಿರಾಳ ಅವರ ಭುಜಗಳಲ್ಲಿತ್ತು. “ಗುರುವಾರ ಇನ್ಸ್‌ಪೆಕ್ಟರು ಬರ್ತಾರೆ. ಹಾಜರಿ ಮೂವತ್ತಕ್ಕೆ ಏರಿದೆ, ಬಡಮಕ್ಕಳನ್ನ ಶಾಲೆಗೆ ತರೋಕೆ ನಮ್ಮ ಟೀಚರೊಬ್ಬರು ಹೊಸ ಪದ್ಧತಿ ಹುಡುಕಿದಾರೆ ಅಂತ ನಾನು ಬರೆದೂ ಕಳಿಸಿದೀನಿ,” ಅಂದರು. ಬೈಯುವ ದನಿಯಲ್ಲಲ್ಲ, ಅಳಲಿನ ದನಿಯಲ್ಲಿ. “ಅಂಗಡೀಲಿ ತಗೊಂಡೆ ಅನ್ನಿ. ಶಾಲೆ ಮೊಹರು ಹಾಕಿ ಒಂದು ಚೀಟಿ ಕೊಡ್ತೀನಿ. ಬಹುಮಾನಕ್ಕಾಗಿ ಖರೀದಿ ಅಂತ.”

“ಆ ಬಣ್ಣ ಯಾವ ಅಂಗಡೀಲೂ ಇಲ್ಲ ಸಾರ್.”

“ಹಾಗಾದ್ರೆ ನಿಮಗೆ...” ಅಂದವರು ಅಲ್ಲಿಗೇ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಕನ್ನಡಕದ ಹಿಂದೆ ಕಣ್ಣು ದೊಡ್ಡದಾಗಿ, ಮತ್ತೆ ಚಿಕ್ಕದಾಯಿತು. “ನಿಮ್ಮ ತಂದೆಯವರು ಮುತ್ತಯ್ಯನವರ ನೂಲೇ ನೇಯೋದು, ಅಲ್ವಾ?” ಅವರು ಒಂದು ಫೈಲು ತೆರೆದು ತಲೆಕೆಳಗಾಗಿರುವುದನ್ನು ಗಮನಿಸದೆ ಓದತೊಡಗಿದರು. “ನಾನೇನೂ ಕೇಳಲಿಲ್ಲ ಚೌಡೇಶ್ವರಿ. ನೀವೂ ಏನೂ ಹೇಳಲಿಲ್ಲ. ಬಳಪ ಕೊಟ್ಟಿದ್ರೆ ಸಾಕಿತ್ತು. ರೇಷ್ಮೆ ಯಾಕೆ ಬೇಕಿತ್ತು ಹೇಳಿ ಈ ಮಕ್ಕಳಿಗೆ?” ಅವಳಿಗೆ ಉತ್ತರ ಗೊತ್ತಿತ್ತು. ಹುಟ್ಟಿದಂದಿನಿಂದ ರೇಷ್ಮೆಯನ್ನು ಸುತ್ತಿ, ಬಿಡಿಸಿ, ಹೊತ್ತು ಕೊಟ್ಟು ಬರುವ ಮಕ್ಕಳು ಅವು. ಒಂದು ಮೊಳ ರೇಷ್ಮೆ ಒಮ್ಮೆಯಾದರೂ ತಮ್ಮ ಮೈಮೇಲೆ ಉಳಿಯಲಿ ಅಂತ. ಆದರೆ ಆ ಮಾತು ಬಾಯಿಗೆ ಬರುವಷ್ಟರಲ್ಲಿ ಭಾಷಣದಂತೆ ಕೇಳಿಸಿ, ನಾಚಿ, ಹೊರಗೆ ಬಂದಳು. ಅಂಗಳದ ನಲ್ಲಿಯ ಹತ್ತಿರ ಕೆಂಪಾಜಿ ಒಬ್ಬಳೇ ನಿಂತು ಎಡಗೈ ಮಣಿಕಟ್ಟನ್ನು ನೀರಿಗೆ ಹಿಡಿದಿದ್ದಳು. ಕತ್ತರಿಯ ಮೊನೆ ತಾಕಿ ಚರ್ಮ ಗೀರಿತ್ತು.

ಮಧ್ಯಾಹ್ನ ಮನೆಗೆ ಹೋದಾಗ ಅಪ್ಪ ಮುದ್ದೆಯ ಮುಂದೆ ಕೂತಿದ್ದ. ಅಜ್ಜಿ ದೊಡ್ಡಬಸಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಎಲೆಯ ತೊಟ್ಟು ಮುರಿಯುತ್ತಿದ್ದಳು. ಚೌಡೇಶ್ವರಿ ಚಪ್ಪಲಿ ಬಿಡದೆ, ಹೊಸಿಲ ಮೇಲೆ ನಿಂತೇ ಹೇಳಿದಳು. ಹೇಳುವಾಗ ತನ್ನ ಮಾತು ತರಗತಿಯ ಮಾತಿನಂತೆ ನೆಟ್ಟಗೆ, ಬಿಡಿಬಿಡಿಯಾಗಿ ಬರುತ್ತಿರುವುದು ಕೇಳಿ ಅವಳಿಗೇ ಹಿಂಸೆಯಾಯಿತು. ಅಪ್ಪ ತುತ್ತು ನುಂಗಿದ. ಇನ್ನೊಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ, ಬಾಯಿಗೆ ಇಡದೆ ಹಾಗೇ ಹಿಡಿದ.

“ಅಜ್ಜಿ, ಆ ನೇರಳೆ ನೂಲು ನಿಂಗೆ ಗೊತ್ತಿರ್ನಿಲ್ವಾ, ಬ್ಯಾರೆ ಯಾರ ತಾವೂ ಇಲ್ಲ ಅಂತ? ಯಾಕೆ ಕೊಟ್ಟೆ ನಂಗೆ?”

“ನೀನು ಕೇಳ್ದೆ, ನಾ ಕೊಟ್ಟೆ. ಚೆಂದಾಗದೆ ಅಂತ ನೀನೇ ಆರಿಸ್ಕಂಡೆ ಮಗ,” ಅಂದಳು ಅಜ್ಜಿ. ಅದು ನಿಜವಾಗಿತ್ತು. “ಗುರುಸಿದ್ದಮ್ಮಂಗೇನು, ಇನ್ನೊಂದು ಮನೇಲಿ ಕೆಲ್ಸ ಸಿಕ್ತದೆ ಬುಡು. ಅಂತಾ ಕೈ ಯಾರ್ಗೆ ಬ್ಯಾಡ?”

“ಕಳ್ಳಿ ಅನ್ನಿಸ್ಕಂಡೋಳ ಕೈ ಯಾರ್ಗಜ್ಜಿ ಬೇಕು?”

“ಎಲ್ಲಿಯೋಳವಳು? ಹೂಗ್ಯಂ ಕಡೆಯೋಳು. ಇಲ್ಲಾಗ್ದಿದ್ರೆ ಅಲ್ಲಿಗೆ ಓಯ್ತಾಳೆ, ಹೊಲ ಮನೆ ನೋಡ್ಕಂಡಿರ್ತಾಳೆ. ನಾವು ಎಲ್ಲಿಗೆ ಓಗವಾ? ನಿಮ್ಮ ತಾತನ ಕಾಲದಿಂದ ಈ ಮನೆ ತಕ್ಕಡಿ ಒಂದು ದಿನ ಓರೆ ಆಗಿಲ್ಲ.”

ಚೌಡೇಶ್ವರಿ ಆ ಮುಖವನ್ನು ನೋಡಿದಳು. ಸಾವಿರ ಕಥೆ ಹೇಳಿದ ಬಾಯಿ, ಒಳ್ಳೆಯವಳಿಗೆ ಒಂದು ದಿನವೂ ಅನ್ಯಾಯ ಮಾಡದ ಬಾಯಿ. ಕಾಡಿನಲ್ಲಿ ಬಿಟ್ಟ ಮಗುವನ್ನು ಹುಲಿಯ ಕೈಲಿ ಸಾಕಿಸಿ, ಮಲತಾಯಿಯನ್ನು ಸುಣ್ಣದ ಗುಂಡಿಗೆ ಇಳಿಸಿ, ಎಲ್ಲರಿಗೂ ಅವರವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಯೇ ಮಲಗಿಸುತ್ತಿದ್ದ ಬಾಯಿ ಈಗ ಎಲೆಯ ತೊಟ್ಟನ್ನು ಥೂ ಎಂದು ಉಗಿದು ಗುರುಸಿದ್ದಮ್ಮನನ್ನು ಬಸ್ಸು ಹತ್ತಿಸಿಬಿಟ್ಟಿತ್ತು. ಅಜ್ಜಿಗೆ ವಯಸ್ಸಾಗಿದೆ, ಹೆದರಿದ್ದಾಳೆ ಅಂದುಕೊಳ್ಳಲು ಯತ್ನಿಸಿದಳು. ಇಲ್ಲ, ಹೆದರಿರಲಿಲ್ಲ. ಕಥೆಗಳಲ್ಲಿ ಹಾವು ಸಿಕ್ಕ ಹುಡುಗಿಗೂ ಒಬ್ಬ ತಾಯಿ ಇದ್ದಿರಬೇಕು, ಅವಳೇನಾದಳು ಅಂತ ತಾನು ಒಂದು ಸಲವೂ ಕೇಳಿರಲಿಲ್ಲ, ಅಷ್ಟೇ. ಅಪ್ಪ ಕೈತೊಳೆದು ಎದ್ದ. ಅವನು ಜೋರಾಗಿ ಕೂಗಿದ್ದರೆ ಸಲೀಸಾಗುತ್ತಿತ್ತು. “ನಿನ್ ಮಾತೇನು, ಓಗಿ ಏಳ್ಬೇಕು ಅಂತಲಾ?” ಅಂದ. “ಏಳು. ಮುತ್ತಯ್ಯ ನೂಲು ನಿಲ್ಲಿಸಿದ್ರೆ ಈ ಬೀದೀಲಿ ಇನ್ಯಾವನೂ ಕೊಡಾಕಿಲ್ಲ, ತಿಳ್ಕಂಡು ಏಳು. ನಿನ್ ಸಂಬಳ ಅದೆ, ಮುದ್ದೆ ಉಟ್ತದೆ. ಆದ್ರೆ ನಾನು ಹಗಲೆಲ್ಲ ಏನ್ ಮಾಡ್ಲಿ ಚೌಡಿ?” ಒಂಬತ್ತು ವರ್ಷಕ್ಕೆ ಮಗ್ಗದ ಗುಂಡಿಗೆ ಇಳಿದವನ ಕಾಲುಗಳು ನೆಲದ ಮೇಲೆ ನಿಂತಾಗ ಯಾವಾಗಲೂ ಸ್ವಲ್ಪ ಬಾಗಿರುತ್ತಿದ್ದವು, ಇನ್ನೇನು ಕೂರುವವನಂತೆ. ಆ ಪ್ರಶ್ನೆಗೆ ಉತ್ತರ ಬೇಕಾಗಿತ್ತು ಅವನಿಗೆ, ನಿಜವಾಗಿಯೂ ಕೇಳಿದ್ದ. ಅವಳು ಊಟ ಮಾಡದೆ ಶಾಲೆಗೆ ಹಿಂತಿರುಗಿದಳು.

ಮಧ್ಯಾಹ್ನದ ತರಗತಿಯಲ್ಲಿ ಚೆಲುವಿ ಹದಿಮೂರರ ಮಗ್ಗಿಯನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿ, ಒಪ್ಪಿಸಿದ ಉಸಿರಿನಲ್ಲೇ ಕೈ ಚಾಚಿದಳು. ಬೆಳಿಗ್ಗೆಯ ಹೆದರಿಕೆ ಅವಳಿಗೆ ಮರೆತಿತ್ತು. ಅಥವಾ ಮರೆತಿರಲಿಲ್ಲ, ಆಸೆ ದೊಡ್ಡದಾಗಿತ್ತು. “ನೂಲು ಟೀಚರ್?” ಚೌಡೇಶ್ವರಿ ಮೇಜಿನ ಖಾನೆಗೆ ಕೈ ಹಾಕಿದಳು. ಚೀಲ ಅಲ್ಲೇ ಇತ್ತು, ಮೆತ್ತಗೆ, ನಿದ್ದೆ ಹೋದ ಮರಿಯಂತೆ. “ಇವತ್ತಿಲ್ಲ,” ಅಂದಳು. “ನಾ ರಾತ್ರೆಲ್ಲಾ ಬಾಯಿಪಾಠ ಮಾಡಿವ್ನಿ ಟೀಚರ್,” ಅಂದ ಚೆಲುವಿಯ ಕೈ ಚಾಚಿದಂತೆಯೇ ಇತ್ತು. “ಮಗ್ಗಿ ನಿನಗೆ ಬಂತಲ್ಲ.” “ಮಗ್ಗಿ ಬಂತು. ನೂಲು?” ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ಕೈಯ ಮುಂದೆಯೇ ಚೌಡೇಶ್ವರಿ ಖಾನೆ ಮುಚ್ಚಿದಳು. ಜೂನ್ ತಿಂಗಳಿಂದ ಇಲ್ಲಿವರೆಗೆ ತಾನು ಕಲಿಸಿದ್ದೇನು ಅನ್ನುವುದು ಆ ಅಂಗೈಯಲ್ಲಿ ಬರೆದಿತ್ತು. ಆಚೆ ಗೋಡೆಯ ಪಕ್ಕ ಕೆಂಪಾಜಿ ಪುಸ್ತಕ ತೆರೆದುಕೊಂಡು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು, ಯಾರೂ ಕೇಳದಿದ್ದರೂ, ಏನೂ ಸಿಗದಿದ್ದರೂ. ಅದನ್ನು ಕಂಡು ಸಂತೋಷಪಡುವ ಹಕ್ಕು ಕೂಡ ತನಗಿಲ್ಲ ಅನ್ನಿಸಿತು.

ನಾಲ್ಕೂವರೆಗೆ ಗಂಟೆ ಹೊಡೆಯಿತು. ಮುತ್ತಯ್ಯನವರ ಮನೆಯ ಬೀದಿಗೆ ತಿರುಗುವ ತನಕ ತಾನು ಅಲ್ಲಿಗೇ ಹೊರಟಿದ್ದೇನೆಂದು ಅವಳಿಗೆ ಖಚಿತವಿರಲಿಲ್ಲ. ಕಾಲುಗಳು ಒಂದು ಮನೆ ಮುಂದೆ ಹೋಗುವುದು, ಮನಸ್ಸು ಎರಡು ಮನೆ ಹಿಂದೆ ಬೀಳುವುದು. ದೂರದಲ್ಲಿ ಮರಡಿಗುಡ್ಡದ ಬೆನ್ನ ಮೇಲೆ ಬಿಸಿಲು ಇನ್ನೂ ಬಿಳಿಯಾಗಿತ್ತು. ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಗುರುಸಿದ್ದಮ್ಮ ಕೂತಿದ್ದಳು, ಸೆರಗನ್ನು ಮೊಣಕಾಲ ಸುತ್ತ ಬಿಗಿದುಕೊಂಡು. ಶಾಲೆಯಿಂದ ನೇರ ಬಂದ ಕೆಂಪಾಜಿ ಪಕ್ಕದಲ್ಲಿ. ಮೇಲೆ ಬೆತ್ತದ ಕುರ್ಚಿಯಲ್ಲಿ ಮುತ್ತಯ್ಯನವರು. ಒಳಗಿನ ನಡುಮನೆಯಲ್ಲಿ ರಾಟೆ ತಿರುಗಿಸುವ ನಾಲ್ಕೈದು ಹೆಂಗಸರು, ಕೈ ಕೆಲಸದಲ್ಲಿ, ಕಿವಿ ಜಗಲಿಯಲ್ಲಿ.

“ಬಾರಮ್ಮ ಹೊನ್ನಯ್ಯನ ಮಗಳೇ. ಈಗ ಟೀಚರಮ್ಮ ಅನ್ಬೇಕಲ್ವಾ, ಮರ್ತೋಯ್ತದೆ,” ಎಂದು ನಕ್ಕರು. ಕೆಟ್ಟ ನಗುವಲ್ಲ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದರೆ ಬೆಲ್ಲದ ಚೂರು ಕೊಡುತ್ತಿದ್ದ ನಗು. “ನೋಡು, ಈಯಮ್ಮಂಗೆ ಮೂರು ದೀಪಾವಳಿ ನಾನೇ ರವಿಕೆ ಬಟ್ಟೆ ಕೊಟ್ಟಿವ್ನಿ. ಯಾಕೆ ಏಳು? ಇಡೀ ಮನೇಲಿ ನೂಲು ಕಮ್ಮಿ ಕಡಿಯೋಳು ಇವಳೇ ಅಂತ. ಎಲ್ಲಾರ್ ಎದುರ್ಗೂ ಕರ್ದು ಕೊಡ್ತಿದ್ದೆ. ಮಿಕ್ಕೋರ್ಗೂ ಆಸೆ ಆಗ್ಲಿ ಅಂತ. ಆಸೆ ತೋರ್ಸಿದ್ರೆ ಕೈ ಓಡ್ತದೆ ನೋಡು. ನೀನೂ ಮಕ್ಕಳಿಗೆ ಅಂಗೇ ಮಾಡ್ತಿದ್ದೀಯಂತೆ, ಬಸವಯ್ಯ ಮೇಷ್ಟ್ರು ಏಳ್ತಿದ್ರು. ಒಳ್ಳೆ ಕೆಲ್ಸ.”

ಕರೆದು, ಎಲ್ಲರೆದುರು. ಶುಕ್ರವಾರದ ಕೊನೆಯ ಪಿರಿಯಡ್ಡು ಇದೇ ಜಗಲಿಯಿಂದ ಶಾಲೆಗೆ ಹೋದದ್ದು. ಎಂದೋ ಒಂದು ದೀಪಾವಳಿಯ ಹಿಂದಿನ ದಿನ ಚೌಡೇಶ್ವರಿ ಅಪ್ಪನ ಪಂಚೆ ಹಿಡಿದು ಇಲ್ಲೇ ನಿಂತು, ಯಾರದೋ ಕೈಗೆ ಬಟ್ಟೆ ಬೀಳುವುದನ್ನು, ಉಳಿದವರ ಕೈಗಳು ಸೆರಗಿನೊಳಗೆ ಸೇರುವುದನ್ನು ನೋಡಿದ್ದಳು. ಕೊಡುವವರ ಮುಖದ ಆ ಸುಖವನ್ನೂ.

“ಅಂತೋಳು ಇಂಗೆ ಮಾಡ್ಬುಟ್ಳು. ಓಗ್ಲಿ, ನಾನೇನು ಕಟುಕ್ನಾ? ಒಂದ್ಸಲ ಎಲ್ಲಾರ ಎದುರ್ಗೆ ಒಪ್ಕಳ್ಳಿ, ನಾಳೆಯಿಂದ ಬಂದು ರಾಟೆ ಮುಂದೆ ಕೂತ್ಕಳ್ಳಿ ಅಂತಿವ್ನಿ. ಶನಿವಾರದಿಂದ ಬಾಯೇ ಬುಡಾಕಿಲ್ಲ ಅಂತಾಳೆ. ನಿನ್ ಇಸ್ಕೂಲ್ಗೂ ಒಂದ್ ಡಜನ್ ಸ್ಲೇಟು ಕೊಡ್ಬೇಕು ಅಂದ್ಕಂಡಿವ್ನಿ, ಇನ್ಸ್‌ಪೆಕ್ಟ್ರು ಬಂದ್ ದಿನ...”

“ಆ ನೂಲು ಕಟ್ಟಿದ್ದು ನಾನು,” ಅಂದಳು ಚೌಡೇಶ್ವರಿ.

ಒಳಗೆ ಒಂದು ರಾಟೆ ನಿಂತಿತು.

“ಕಟ್ಟಿದ್ದೀಯ. ಮಗಾನೂ ಅದೇ ಅಂತು, ನಾನೇ ನಂಬ್ನಿಲ್ಲ. ಆಗ್ಲಿ. ನಿನ್ ಕೈಗೆ ತಂದ್ಕೊಟ್ಟೋರು ಯಾರು?” ಮುತ್ತಯ್ಯನವರ ದನಿ ಇನ್ನೂ ಮೃದುವಾಗಿತ್ತು, ಆದರೆ ಕುರ್ಚಿಯ ತೋಳಿನ ಮೇಲೆ ಬೆರಳು ನಿಂತಿತ್ತು. ಚೌಡೇಶ್ವರಿ ಬಾಯಿ ತೆರೆದಳು. ಅಪ್ಪನ ಬಾಗಿದ ಕಾಲುಗಳು ಬಂದು ನಾಲಿಗೆಯ ಮೇಲೆ ನಿಂತವು. ಮೆಟ್ಟಿಲ ಮೇಲಿದ್ದ ಗುರುಸಿದ್ದಮ್ಮ ತಲೆಯೆತ್ತಿ ಅವಳ ಮುಖ ನೋಡಿದಳು. ಎಳೆ ಎಲ್ಲಿ ಕಡಿಯುತ್ತದೆ ಅನ್ನುವುದನ್ನು ಕಡಿಯುವ ಮೊದಲೇ ಕಾಣುವ ಕಣ್ಣು ಅದು. ಕಂಡಿತು. ಎದ್ದಳು.

“ನಾನೇ ತಕಂಡೆ ಸಾ. ಟೀಚರಮ್ಮಂಗೆ ನಾನೇ ಕೊಟ್ಟೆ, ಮಗೀಗೆ ಕಟ್ಲಿ ಅಂತ. ಅವ್ರಿಗೇನೂ ಗೊತ್ತಿಲ್ಲ. ತಪ್ಪಾಯ್ತು.”

“ಅವ್ವಾ,” ಅಂದಳು ಕೆಂಪಾಜಿ.

ಆ ಕ್ಷಣ ಚೌಡೇಶ್ವರಿಯ ಮೈಯೊಳಗೆ ಏನೋ ಸಡಿಲವಾಯಿತು. ಕಡುಬಿಸಿಲಿನಲ್ಲಿ ನಡೆದುಬಂದು ತಂಪು ನೆಲದ ಮೇಲೆ ಕಾಲಿಟ್ಟಂತೆ. ಮುಗಿಯಿತು. ಗುರುಸಿದ್ದಮ್ಮ ನಾಳೆ ಕೆಲಸಕ್ಕೆ ಬರುತ್ತಾಳೆ, ಅಪ್ಪ ಮಗ್ಗದ ಗುಂಡಿಗೆ ಇಳಿಯುತ್ತಾನೆ, ಗುರುವಾರ ಹನ್ನೆರಡು ಸ್ಲೇಟು. ಯಾರಿಗೂ ಏನೂ ಆಗಲಿಲ್ಲ. ಮುತ್ತಯ್ಯನವರ ಮುಖದಲ್ಲೂ ಅದೇ ಸಡಿಲ, ಕ್ಷಮಿಸುವ ಮೊದಲಿನ ಹಿತ. ಅವಳು ಸುಮ್ಮನಿದ್ದರೆ ಸಾಕಿತ್ತು, ಏನನ್ನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದಳು. ಎಷ್ಟು ಹೊತ್ತು ಅಂತ ಆಮೇಲೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಅಷ್ಟು ಹೊತ್ತೂ ತಾನು ಸುಖವಾಗಿದ್ದೆ ಅನ್ನುವುದು ಮಾತ್ರ ಗೊತ್ತಿತ್ತು. ಆಗ ಕೆಂಪಾಜಿ ತಾಯಿಯ ಕಡೆಯಿಂದ ಕಣ್ಣು ತೆಗೆದು ಇವಳನ್ನು ನೋಡಿದಳು. ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಶುಕ್ರವಾರ ಪುಟ ಓದುವಾಗ ಒಂದು ಪದಕ್ಕೆ ತಡವರಿಸಿ, ತಾನು ಓದಿದ್ದು ತಪ್ಪೇ ಸರಿಯೇ ಅಂತ ತಲೆಯೆತ್ತಿ ನೋಡಿದ್ದಳಲ್ಲ, ಹಾಗೆ. ಟೀಚರು ತಿದ್ದುತ್ತಾರೆ, ತಿದ್ದದಿದ್ದರೆ ಸರಿ ಎಂದೇ ಅರ್ಥ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಮಗುವಿನ ತಲೆಯೊಳಗೆ ಅವಳ ತಾಯಿ ಕಳ್ಳಿ ಎಂದು ಬರೆದಾಗುತ್ತಿತ್ತು.

“ಅಲ್ಲ, ಅದು ನಮ್ಮ ಮನೆಯ ನೂಲು,” ಅಂದಳು ಚೌಡೇಶ್ವರಿ. ಅವಳ ದನಿ ತೆಳ್ಳಗಿತ್ತು. “ಅಪ್ಪನ ಮಗ್ಗದಲ್ಲಿ ಉಳಿದದ್ದು. ಮೊದಲ ಸೀರೆ ಕೊಡೋ ದಿನ ಗಂಟನ್ನ ಹಬೆಗೆ ಹಿಡಿದು ತೂಕ ಸರಿ ಮಾಡಿದ್ರು. ಈಯಮ್ಮ ಒಂದು ಎಳೆನೂ ತಗೊಂಡಿಲ್ಲ.”

ಒಳಗೆ ಎಲ್ಲ ರಾಟೆಗಳೂ ನಿಂತಿದ್ದವು. ಆ ಹೆಂಗಸರ ಮನೆಗಳಲ್ಲೂ ಹಂಡೆಗಳಿದ್ದವು. ಮುತ್ತಯ್ಯನವರು ಎದ್ದು ನಿಂತು, ಜಗಲಿಯ ಅಂಚಿಗೆ ಬಂದು, ತಗ್ಗಿದ ದನಿಯಲ್ಲಿ ಕೇಳಿದರು.

“ಹಬೆ ಕುಡಿದ ರೇಷ್ಮೆಗೂ ಒಣ ರೇಷ್ಮೆಗೂ ಬೆರಳಿಟ್ರೆ ನನಗೆ ತಿಳಿಯಾಕಿಲ್ವೇನಮ್ಮ? ಹೊನ್ನಯ್ಯನ ಗಂಟು, ಅವನಪ್ಪನ ಗಂಟು, ಎಲ್ಲಾರ ಗಂಟೂ ಮುಟ್ಟಿವ್ನಿ. ಮುಟ್ಟಿ ಸುಮ್ಕಿದ್ದೆ. ನೇಯೋ ಮನೆ ಅಂದ್ಮೇಲೆ ಒಂದು ಹಿಡಿ ಉಳೀಲಿ ಅಂತ. ನಮ್ಮಪ್ಪನೂ ಸುಮ್ಕಿದ್ದ.”

“ಹಾಗಾದ್ರೆ ಈಯಮ್ಮನ್ನ ಯಾಕೆ...”

“ಬೀದೀಲಿ ಕಂಡ್ಬುಡ್ತಲ್ಲ! ಮಗಿನ ಕೈಮೇಲೆ, ಊರೆಲ್ಲಾ ನೋಡಂಗೆ. ಕಂಡ್ಮೇಲೆ ನಾ ಸುಮ್ಕಿದ್ರೆ ನಾಳೆ ಎಲ್ಲಾರೂ ಕಟ್ಕಂಡು ಬತ್ತಾರೆ.” ಅವರ ದನಿ ಈಗ ಏರಿತು, ಒಳಗಿನವರಿಗೂ ಕೇಳುವ ಹಾಗೆ. “ಈಗ ನೀನು ಜಗಲಿ ಮೇಲೆ ನಿಂತು ಏಳ್ಬುಟ್ಟೆ. ಕೇಳಿಸ್ಕಂಡಾತು. ಗುರುಸಿದ್ದಮ್ಮ ನಾಳೆ ಬರ್ಲಿ ಕೆಲ್ಸಕ್ಕೆ. ಹೊನ್ನಯ್ಯಂಗೆ ಏಳು, ಮಗ್ಗದ ಮೇಲಿರೋದು ಎಲ್ಲಿಗೆ ಬಂದದೋ ಅಲ್ಲಿಗೇ ಬುಡ್ಲಿ. ಇನ್ನೊಂದು ಎಳೆ ಹಾಕೋದು ಬ್ಯಾಡ. ಬೆಳಿಗ್ಗೆ ಆಳು ಬಂದು ಹಾಸಿನ ನೂಲು ಬಿಚ್ಕಂಡು ಬತ್ತಾನೆ.” ಹೇಳಿ ಮುಗಿಸಿ ಮುಖ ತಿರುಗಿಸಿದರು. ಆ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಒಂದು ಒಳ್ಳೆಯ ಏರ್ಪಾಡನ್ನು ದಡ್ಡರು ಹಾಳುಮಾಡಿದರೆನ್ನುವ ಬೇಸರವಿತ್ತು.

ಬೀದಿಯ ತಿರುವಿನ ತನಕ ಮೂವರೂ ಜೊತೆಗೇ ನಡೆದರು. ಗುರುಸಿದ್ದಮ್ಮ ಏನಾದರೂ ಹೇಳುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ ಅನ್ನುವ ನಿರೀಕ್ಷೆಯೊಂದು ತನ್ನೊಳಗೆ ಕೂತಿರುವುದನ್ನು ಚೌಡೇಶ್ವರಿ ಕಂಡುಕೊಂಡಳು. ನಾಚಿಕೆಯಾಯಿತು, ಆದರೂ ಅದು ಎದ್ದು ಹೋಗಲಿಲ್ಲ. ತಿರುವಿನಲ್ಲಿ ಗುರುಸಿದ್ದಮ್ಮ ನಿಂತಳು.

“ಯಾಕೆ ಏಳಿದ್ರಿ ತಾಯಿ? ನಾ ಒಪ್ಕಂಡಿದ್ನಲ್ಲ. ಒಂದು ಮಾತು, ಮುಗ್ದೋಗದು. ಈಗ ಆ ಮನೇಲಿ ಎಂಗೆ ಕೂತ್ಕಳ್ಳಿ ನಾನು? ನಿಮ್ಮಪ್ಪನ ಮಗ್ಗದಿಂದ ಕಿತ್ಕಂಡು ಬಂದ ನೂಲ್ನೇ ನಂಗೆ ಸುತ್ತಾಕೆ ಕೊಡ್ತಾರೆ.”

“ಮಗು ನೋಡ್ತಿತ್ತು,” ಅಂದಳು ಚೌಡೇಶ್ವರಿ.

“ಮಗ ನಾಳಿಕ್ಕೆ ಮರೀತಿತ್ತು,” ಅಂದಳು ಗುರುಸಿದ್ದಮ್ಮ. ಮಗಳ ನೆತ್ತಿಯನ್ನೇ ನೋಡಿ, “ಇಲ್ಲ, ಮರೀತಿರ್ನಿಲ್ಲ,” ಅಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ, “ಅದರ ಕೈಗೆ ಇನ್ನೇನೂ ಕಟ್ಬ್ಯಾಡಿ. ಓದ್ಸಿ. ಅಷ್ಟು ಸಾಕು ನಮ್ಗೆ,” ಎಂದು ಸೆರಗು ಎಳೆದುಕೊಂಡು ಹೊರಟಳು. ಕೆಂಪಾಜಿ ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಟೀಚರ್, ನಾಳೆ ಇಸ್ಕೂಲು ಅದಾ?”

“ಅದೆ.”

ತನ್ನ ಬೀದಿ ಹೊಕ್ಕಾಗ ಎಲ್ಲವೂ ಎಂದಿನಂತಿತ್ತು. ಯಾರೋ ಜಗಲಿ ತೊಳೆಯುತ್ತಿದ್ದರು, ಯಾರೋ “ಏನಮ್ಮ ಟೀಚರಮ್ಮ, ಇವತ್ತು ತಡ?” ಅಂದರು. ಸುದ್ದಿ ಇನ್ನೂ ಇಲ್ಲಿಗೆ ಬಂದಿಲ್ಲ, ಅದನ್ನು ಹೊತ್ತು ತರುತ್ತಿರುವವಳು ತಾನೇ. ನಿಧಾನವಾಗಿ ನಡೆದರೆ ಅಷ್ಟು ಹೊತ್ತು ಅಪ್ಪನಿಗೆ ಕೆಲಸವಿರುತ್ತದೆ. ನಿಧಾನವಾಗಿ ನಡೆದಳು. ಆಮೇಲೆ, ತಡ ಮಾಡಿದಷ್ಟೂ ಅವನು ಹಾಕಬಾರದ ಎಳೆಗಳು ಬೀಳುತ್ತಿವೆ ಎಂದು ಹೊಳೆದು ಓಡುವಂತೆ ನಡೆದಳು. ಅಜ್ಜಿ ಹಿತ್ತಲಲ್ಲಿದ್ದಳು. ಒಳಗೆ ಮಬ್ಬು ಬೆಳಕಿನಲ್ಲಿ ಅಪ್ಪ ಗುಂಡಿಯೊಳಗೆ ಕೂತಿದ್ದ. ಅವನ ತಲೆ ಅವಳ ಸೊಂಟದ ಎತ್ತರಕ್ಕಿತ್ತು, ನೆತ್ತಿಯಲ್ಲಿ ಕೂದಲು ಎಷ್ಟು ತೆಳುವಾಗಿದೆ ಅನ್ನುವುದು ಅವಳಿಗೆ ಇವತ್ತೇ ಕಂಡದ್ದು. ನೇರಳೆ ಸೀರೆ ಅವನ ಎದೆಯ ಮುಂದೆ ಬಿಗಿಯಾಗಿ ಹರಡಿಕೊಂಡಿತ್ತು, ಸೆರಗು ಶುರುವಾಗಿತ್ತು. ಲಾಳಿ ಎಡದಿಂದ ಬಲಕ್ಕೆ ಹೋಯಿತು. ಅವಳ ನೆರಳು ಬಿದ್ದದ್ದು ಅವನಿಗೆ ಗೊತ್ತಾಯಿತು, ಆದರೆ ತಲೆ ಎತ್ತಲಿಲ್ಲ. ಲಾಳಿ ಬಲದಿಂದ ಎಡಕ್ಕೆ ಬಂತು. ಮತ್ತೆ ಎಡದಿಂದ ಬಲಕ್ಕೆ.

“ಅಪ್ಪಾ,” ಅಂದಳು, “ಮಗ್ಗ ನಿಲ್ಲಿಸು.”